ಹಳೆ 911ರ ಹೀಟರ್ ಬ್ಲೋವರ್ ಸತ್ತಿದೆ: ಬೇರೆ ಹಾಕೋದಾ, ಪೈಪ್ ಕೊಟ್ಟು ಬೈಪಾಸ್ ಮಾಡೋದಾ?

ಹಿಂಬದಿ ಎಂಜಿನ್:

ಎಲ್ಲರಿಗೂ ನಮಸ್ಕಾರ. ಗಾಡಿ 1982ರ ಪೋರ್ಷೆ 911 ಎಸ್‌ಸಿ, 3.0 ಲೀಟರ್. ಎಂಜಿನ್ ಕೋಣೆಯಲ್ಲಿ ಎಡಗಡೆ ಇರುವ ಹೀಟರ್ ಬ್ಲೋವರ್ (ಬಿಸಿಗಾಳಿಯನ್ನು ಕ್ಯಾಬಿನ್ ಕಡೆ ತಳ್ಳುವ ಕರೆಂಟ್ ಫ್ಯಾನ್) ಮೊದಲು ಕಿರ್‌ರ್ ಅನ್ನುತ್ತಿತ್ತು. ಆಮೇಲೆ ಆಗಾಗ ಫ್ಯೂಸ್ ಹೋಗೋಕೆ ಶುರುವಾಯಿತು. ಈಗ ಹೀಟರ್ ಆನ್ ಮಾಡಿದ ತಕ್ಷಣ ಫ್ಯೂಸ್ ಹಾರುತ್ತದೆ, ಮೋಟಾರ್ ಅಲ್ಲಾಡುವುದೇ ಇಲ್ಲ. ಗಾಡಿ ಓಡುವಾಗ ಸ್ವಲ್ಪ ಬಿಸಿಗಾಳಿ ಬರುತ್ತದೆ, ಸಿಗ್ನಲ್‌ನಲ್ಲಿ ನಿಂತರೆ ಏನೂ ಇಲ್ಲ. ಮಳೆ ಬಂದಾಗ ಮುಂದಿನ ಗಾಜು ಒಳಗಿನಿಂದ ಮಬ್ಬಾಗಿ ಬಟ್ಟೆ ಹಿಡಿದುಕೊಂಡೇ ಓಡಿಸಬೇಕು.

ಬ್ಲೋವರ್ ಕಿತ್ತು ಆ ಜಾಗಕ್ಕೆ ಬರೀ ಪೈಪ್ ಹಾಕಿದರೆ ಸಾಕು ಅಂತ ಒಬ್ಬರು ಹೇಳಿದರು. ಇನ್ನೊಬ್ಬರು ಪೈಪ್ ಕೂಡ ಬೇಡ, ಕಿತ್ತು ಹಾಗೇ ಬಿಡಿ ಅಂದರು. ಗಾಳಿಯಿಂದ ತಣ್ಣಗಾಗುವ ಎಂಜಿನ್ ಆದ್ದರಿಂದ ಅಲ್ಲಿ ಕೈ ಹಾಕೋಕೆ ಭಯ. ಮಾಡಿ ನೋಡಿದವರು ಹೇಳಿ.

ಸಂಜೆ ಸ್ಪ್ಯಾನರ್:

ಕಿತ್ತು ಪೈಪ್ ಹಾಕಿ, ಮುಗೀತು. ಕೆಲವು ಕಿಲೋ ತೂಕ ಕಡಿಮೆ, ಎಡಗಡೆಯ ಸ್ಪಾರ್ಕ್ ಪ್ಲಗ್‌ಗೆ ಆರಾಮಾಗಿ ಕೈ ಹೋಗುತ್ತದೆ, ಒಂದು ಸದ್ದು ಕಡಿಮೆ. 1970ರ ದಶಕದ ಶುರುವಿನ 911ಗಳಲ್ಲಿ ಈ ಬ್ಲೋವರ್ ಇರಲೇ ಇಲ್ಲ, ಅವೆಲ್ಲ ಚಳಿಯಲ್ಲಿ ಓಡಲಿಲ್ವಾ?

ಬಿಸಿಗಾಳಿ:

ಪೈಪ್ ಹಾಕಬಹುದು, ಸರಿ. ಆದರೆ "ಕಿತ್ತು ಹಾಗೇ ಬಿಡಿ" ಅಂದವರ ಮಾತು ಮಾತ್ರ ಕೇಳಬೇಡಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನೋದು ಗೊತ್ತಾಗದೆ ಈ ಕೆಲಸಕ್ಕೆ ಇಳಿಯಲೇಬಾರದು.

ಈ ಗಾಡಿಯಲ್ಲಿ ನೀರೂ ಇಲ್ಲ, ರೇಡಿಯೇಟರೂ ಇಲ್ಲ. ಬೆಲ್ಟ್‌ನಿಂದ ತಿರುಗುವ ದೊಡ್ಡ ಫ್ಯಾನ್ ಹೊರಗಿನ ಗಾಳಿಯನ್ನು ಎಳೆದು ಮೇಲಿನ ಫೈಬರ್‌ಗ್ಲಾಸ್ ಮುಚ್ಚಳದ ಒಳಗೆ ನುಗ್ಗಿಸುತ್ತದೆ. ಆ ಗಾಳಿಯಲ್ಲಿ ಮುಕ್ಕಾಲುವಾಸಿ ಸಿಲಿಂಡರ್‌ಗಳ ಮೇಲೆ ಇಳಿಯುತ್ತದೆ. ಒಂದು ಪಾಲು ಮಾತ್ರ ಪಕ್ಕದ ಬಾಯಿಯಿಂದ ಹೊರಬಿದ್ದು ನಿಮ್ಮ ಬ್ಲೋವರ್ ಮೂಲಕ ಹಾದು, ಕವಲೊಡೆದು, ಎಂಜಿನ್ ತಗಡಿನ ತೂತುಗಳಿಂದ ಕೆಳಗಿಳಿದು ಎಕ್ಸಾಸ್ಟ್ ಪೈಪ್‌ಗಳ ಸುತ್ತ ಇರುವ ಹೀಟ್ ಎಕ್ಸ್‌ಚೇಂಜರ್‌ಗೆ ಹೋಗುತ್ತದೆ. ಅಲ್ಲಿ ಬಿಸಿಯಾಗಿ, ಮುಂದಿರುವ ಫ್ಲಾಪ್ ಪೆಟ್ಟಿಗೆಗೆ ಬರುತ್ತದೆ. ಸೀಟುಗಳ ನಡುವಿನ ಲಿವರ್ ಎತ್ತಿದರೆ ಕೇಬಲ್ ಆ ಫ್ಲಾಪ್ ಎಳೆದು ಬಿಸಿಗಾಳಿಯನ್ನು ಕ್ಯಾಬಿನ್ ಕಡೆ ಕಳಿಸುತ್ತದೆ. ಲಿವರ್ ಇಳಿಸಿದರೆ ಅದೇ ಗಾಳಿ ಗಾಡಿಯ ಕೆಳಗೆ ಹೊರಹೋಗುತ್ತದೆ.

ಅಂದರೆ ಹೀಟರ್ ಬೇಕಿರಲಿ ಬೇಡದಿರಲಿ, ಎಕ್ಸ್‌ಚೇಂಜರ್ ಒಳಗೆ ಗಾಳಿ ಹರಿಯುತ್ತಲೇ ಇರಬೇಕು. ಹರಿಯದಿದ್ದರೆ ಎಕ್ಸಾಸ್ಟ್‌ನ ಶಾಖ ಅಲ್ಲೇ ಸಿಕ್ಕಿಕೊಂಡು ತಗಡು ಬೇಗ ಹಾಳಾಗುತ್ತದೆ. ಇನ್ನು ಬ್ಲೋವರ್ ಕಿತ್ತು ಮೇಲಿನ ಬಾಯಿಯನ್ನು ತೆರೆದೇ ಬಿಟ್ಟರೆ ಫ್ಯಾನಿನ ಗಾಳಿ ಸುಮ್ನೆ ಎಂಜಿನ್ ಕೋಣೆಗೆ ಸೋರಿ ಸಿಲಿಂಡರ್‌ಗಳಿಗೆ ಹೋಗುವ ಒತ್ತಡ ಕಡಿಮೆಯಾಗುತ್ತದೆ. ಕೆಳಗಿನ ತೂತುಗಳೂ ತೆರೆದಿದ್ದರೆ ಕೆಳಗಿನ ಬಿಸಿ ಗಾಳಿ ಮೇಲೆ ಬರಲು ದಾರಿ ಮಾಡಿಕೊಟ್ಟಂತೆ. ಮೇಲಿಂದಲೂ ನಷ್ಟ, ಕೆಳಗಿಂದಲೂ ನಷ್ಟ.

ಹಾಗಾಗಿ ಎಕ್ಸ್‌ಚೇಂಜರ್ ಗಾಡಿಯಲ್ಲಿ ಇದ್ದರೆ ಗಾಳಿಗೆ ದಾರಿ ಕೊಡಲೇಬೇಕು, ಬ್ಲೋವರ್ ಇರಲಿ, ಪೈಪ್ ಇರಲಿ. ಎಕ್ಸ್‌ಚೇಂಜರ್ ತೆಗೆದು ರೇಸ್ ಹೆಡರ್ (ಸುತ್ತ ಕವಚವಿಲ್ಲದ ಬರೀ ಎಕ್ಸಾಸ್ಟ್ ಪೈಪ್) ಹಾಕಿದ್ದರೆ ಮಾತ್ರ ಮೇಲಿನ ಬಾಯಿ, ಕೆಳಗಿನ ತೂತು ಎರಡನ್ನೂ ಗಟ್ಟಿಯಾಗಿ ಮುಚ್ಚಬೇಕು. ಆಮೇಲೆ ಹೀಟರ್ ಆಸೆ ಬಿಡಬೇಕು.

ಕಂದು ವೈರು:

ಕೀಳುವ ಮೊದಲು ಸತ್ತಿರೋದು ಮೋಟಾರೇ ಅಂತ ಖಚಿತ ಮಾಡಿಕೊಳ್ಳಿ ಮಾರಾಯ್ರೇ. ಮೋಟಾರ್‌ನ ಕನೆಕ್ಟರ್ ಬಿಚ್ಚಿ, ಹೊಸ ಫ್ಯೂಸ್ ಹಾಕಿ, ಹೀಟರ್ ಆನ್ ಮಾಡಿ. ಮೋಟಾರ್ ಇಲ್ಲದೆಯೂ ಫ್ಯೂಸ್ ಹಾರಿದರೆ ಎಲ್ಲೋ ವೈರು ಉಜ್ಜಿ ಬಾಡಿಗೆ ತಾಗಿದೆ, ಹೊಸ ಬ್ಲೋವರ್ ತಂದರೂ ಅದೇ ಕಥೆ. ಹಾರದಿದ್ದರೆ ಮೋಟಾರ್ ಜಾಮ್ ಆಗಿದೆ ಅಥವಾ ಒಳಗೆ ಶಾರ್ಟ್ ಆಗಿದೆ.

ಆಮೇಲೆ ಎಂಜಿನ್ ಆಫ್ ಮಾಡಿ, ಎಲ್ಲ ತಣ್ಣಗಾದ ಮೇಲೆ ಬ್ಲೋವರ್ ಬಾಯಿಯ ಹೋಸ್ ಬಿಚ್ಚಿ ಒಳಗಿನ ಚಕ್ರವನ್ನು ಬೆರಳಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ಒಂದೆರಡು ಸುತ್ತು ತಿರುಗಬೇಕು. ಅಲ್ಲಾಡದೆ ಇದ್ದರೆ ಉತ್ತರ ಸಿಕ್ಕಿತು. ನಿಂತ ಮೋಟಾರ್ ಓಡುವ ಮೋಟಾರ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದೆ, ಫ್ಯೂಸ್ ತನ್ನ ಕೆಲಸ ಮಾಡುತ್ತಿದೆ ಅಷ್ಟೇ. ದಯವಿಟ್ಟು ದೊಡ್ಡ ಫ್ಯೂಸ್ ಹಾಕಬೇಡಿ. ಆಗ ಫ್ಯೂಸ್ ಬದಲು ವೈರು ಸುಡುತ್ತದೆ, ಅದೂ ಪೆಟ್ರೋಲ್ ಪೈಪ್‌ಗಳ ಪಕ್ಕದಲ್ಲೇ.

ಎಂಜಿನ್ ಕೋಣೆಯ ಎಡಗಡೆ ಚಿಕ್ಕ ಫ್ಯೂಸ್ ಪಟ್ಟಿ, ಅದರ ಹತ್ತಿರ ರಿಲೇ (ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಇವೆ. ಫ್ಯೂಸ್ ಹಿಡಿದುಕೊಳ್ಳುವ ತಾಮ್ರದ ನಾಲಿಗೆ ಕಪ್ಪಾಗಿದೆಯಾ, ಪಕ್ಕದ ಪ್ಲಾಸ್ಟಿಕ್ ಕಂದಾಗಿ ಗುಳ್ಳೆ ಎದ್ದಿದೆಯಾ ನೋಡಿ. ಮೋಟಾರ್ ಬಿಗಿಯಾಗಿ ಬಹಳ ಕಾಲ ಓಡಿದ್ದರೆ ಅಲ್ಲಿ ಗುರುತು ಬಿಟ್ಟಿರುತ್ತದೆ. ರಿಲೇಯಲ್ಲಿ 30 ಅಂದರೆ ಬ್ಯಾಟರಿಯಿಂದ ಬರುವುದು, 87 ಮೋಟಾರ್‌ಗೆ ಹೋಗುವುದು, 85 ಮತ್ತು 86 ಕಾಯಿಲ್. ಜರ್ಮನ್ ಗಾಡಿಗಳಲ್ಲಿ ಕಂದು ವೈರು ಅರ್ಥ್, ನನ್ನ ಹೆಸರು ಅಲ್ಲಿಂದಲೇ ಬಂದಿದ್ದು.

ಮಲ್ಟಿಮೀಟರ್ 12 ವೋಲ್ಟ್ ತೋರಿಸಿತು ಅಂತ ಖುಷಿಪಡಬೇಡಿ. ಲೋಡ್ ಇಲ್ಲದೆ ಒಂದೇ ಒಂದು ಎಳೆ ಉಳಿದ ವೈರೂ 12 ತೋರಿಸುತ್ತದೆ. ಮೋಟಾರ್ ಓಡುತ್ತಿರುವಾಗ ಬ್ಯಾಟರಿಯ ಪ್ಲಸ್‌ನಿಂದ ಮೋಟಾರ್‌ನ ಪ್ಲಸ್‌ಗೆ ಮೀಟರ್ ಇಟ್ಟು ಅಳೆಯಿರಿ, ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ದಾರಿಯಲ್ಲಿ ಎಲ್ಲೋ ಕೊಳಕಿದೆ. ಅರ್ಥ್ ಕಡೆಯೂ ಹಾಗೇ ಅಳೆಯಿರಿ.

ಎಂಜಿಬಿ ಪ್ರೇಮಿ:

ನಿಮ್ಮ ಕಷ್ಟ ಓದಿದರೆ ನನ್ನ ಎಂಜಿಬಿ (ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಎಷ್ಟು ಸುಲಭ ಅನ್ನಿಸುತ್ತೆ. ಹೀಟರ್ ಪೆಟ್ಟಿಗೆ ಹೊರಗೆ ತೆಗೆಯೋದು ನರಕ, ಆದರೆ ಬ್ಲೋವರ್ ಮೋಟಾರ್ ಮಾತ್ರ ಬಾನೆಟ್ ಎತ್ತಿದರೆ ಎದುರಿಗೇ ಇದೆ. ಸ್ಕ್ರೂ ಬಿಚ್ಚಿದರೆ ಫ್ಯಾನ್ ಸಮೇತ ಕೈಗೆ ಬರುತ್ತದೆ.

ಒಂದು ಎಚ್ಚರಿಕೆ, ಹಳೆ ಬ್ರಿಟಿಷ್ ಗಾಡಿ ಇಟ್ಟುಕೊಂಡವರಿಗೆ. 1967ರವರೆಗಿನ ಎಂಜಿಬಿಗಳು ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಕೊಟ್ಟಿರುತ್ತದೆ. ಅದಕ್ಕೆ ಈಗಿನ ಕಾಲದ ಮ್ಯಾಗ್ನೆಟ್ ಮೋಟಾರ್ ಹಾಕಿ ವೈರು ಹಳೇ ಥರ ಕೊಟ್ಟರೆ ಫ್ಯಾನ್ ಉಲ್ಟಾ ತಿರುಗುತ್ತದೆ. ಪಂಜರದ ಥರದ ಚಕ್ರವಾದರೆ ಉಲ್ಟಾ ತಿರುಗಿದರೂ ಸ್ವಲ್ಪ ಗಾಳಿ ಮುಂದಕ್ಕೇ ಬರುತ್ತದೆ. ಹಾಗಾಗಿ ಹೊಸ ಮೋಟಾರ್ ವೀಕು ಅಂತ ಬೈದುಕೊಂಡು ಓಡಾಡುವವರು ಇದ್ದಾರೆ. ಎರಡು ವೈರು ಅದಲು ಬದಲು ಮಾಡಿದರೆ ಸರಿಹೋಗುತ್ತದೆ. ಮೋಟಾರ್‌ನ ಮೈಗೇ ಅರ್ಥ್ ಕೊಟ್ಟಿದ್ದರೆ ಮಾತ್ರ ಹಾಗೆ ಬದಲಿಸಬೇಡಿ, ಶಾರ್ಟ್ ಆಗುತ್ತದೆ.

ಸಂಜೆ ಸ್ಪ್ಯಾನರ್:

ನನ್ನ ಇನ್ನೊಂದು ಗಾಡಿಯಲ್ಲಿ ಬ್ಲೋವರ್ ಫುಲ್ ಸ್ಪೀಡಲ್ಲಿ ಮಾತ್ರ ಓಡುತ್ತದೆ, ಕೆಳಗಿನ ಸ್ಪೀಡ್ ಯಾವುದೂ ಇಲ್ಲ. ಅದಕ್ಕೂ ಮೋಟಾರ್ ಬದಲಿಸಬೇಕಾ?

ಕಂದು ವೈರು:

ಬೇಡ. ಹೋಗಿರೋದು ರೆಸಿಸ್ಟರ್, ಕರೆಂಟ್ ತಡೆದು ಸ್ಪೀಡ್ ಇಳಿಸುವ ಭಾಗ. ಫುಲ್ ಸ್ಪೀಡಲ್ಲಿ ಕರೆಂಟ್ ಅದನ್ನು ಬಿಟ್ಟು ನೇರ ಹೋಗುತ್ತದೆ, ಅದಕ್ಕೇ ಅದೊಂದು ಮಾತ್ರ ಉಳಿದಿದೆ. ಬಿಸಿಯಾಗುವ ಭಾಗವಾದ್ದರಿಂದ ರೆಸಿಸ್ಟರನ್ನು ಬ್ಲೋವರ್‌ನ ಗಾಳಿ ದಾರಿಯಲ್ಲೇ ಕೂರಿಸಿರುತ್ತಾರೆ. ಹೊಸದು ಹಾಕುವಾಗ ಕಸ, ಎಲೆ ಕಿತ್ತು ಹಾಕಿ, ಮೋಟಾರ್ ಬಿಗಿಯಾಗಿದೆಯಾ ನೋಡಿ. ಗಾಳಿ ಕಡಿಮೆ, ಕರೆಂಟ್ ಜಾಸ್ತಿ ಆದರೆ ಹೊಸ ರೆಸಿಸ್ಟರೂ ಉಳಿಯಲ್ಲ.

ಹಿಂಬದಿ ಎಂಜಿನ್:

ಎಲ್ಲರಿಗೂ ಥ್ಯಾಂಕ್ಸ್. ಕನೆಕ್ಟರ್ ಬಿಚ್ಚಿ ನೋಡಿದೆ, ಫ್ಯೂಸ್ ಹಾರಲಿಲ್ಲ. ಚಕ್ರ ಬೆರಳಿಗೆ ಒಂಚೂರೂ ಅಲ್ಲಾಡಲಿಲ್ಲ. ಹಾಗಾದರೆ ಮೋಟಾರೇ. ಬೈಪಾಸ್‌ಗೆ ಮನೆ ಕೊಳಾಯಿಗೆ ಹಾಕುವ ಪಿವಿಸಿ ಪೈಪ್ ಅಳತೆಗೆ ಸರಿಯಾಗಿ ಕೂರುತ್ತೆ. ಇಲ್ಲಿ ಹೋಗೋದು ಫ್ಯಾನಿನ ತಣ್ಣನೆ ಗಾಳಿ, ಇನ್ನೂ ಎಕ್ಸ್‌ಚೇಂಜರ್‌ಗೆ ಹೋಗಿಲ್ಲ. ನಡೆಯುತ್ತೆ ಅಲ್ವಾ?

ಬಿಸಿಗಾಳಿ:

ಓಡುವಾಗ ನಿಮ್ಮ ಲೆಕ್ಕ ಸರಿ. ಎಂಜಿನ್ ನಿಲ್ಲಿಸಿದ ಮೇಲೆ ಲೆಕ್ಕ ತಿರುಗುಮುರುಗು. ಫ್ಯಾನ್ ನಿಂತಿತು, ಕೆಳಗೆ ಎಕ್ಸಾಸ್ಟ್ ಇನ್ನೂ ಕಾದಿದೆ, ಆ ಬಿಸಿ ಅದೇ ಪೈಪಿನಲ್ಲಿ ಮೇಲಕ್ಕೆ ಹತ್ತುತ್ತದೆ. ಪಿವಿಸಿ ಸುಮಾರು 80 ಡಿಗ್ರಿಗೇ ಮೆತ್ತಗಾಗುತ್ತದೆ. ಮೊದಲು ಕ್ಲಾಂಪ್ ಹಿಡಿದ ಜಾಗದಲ್ಲಿ ಅಮುಕಿಕೊಳ್ಳುತ್ತದೆ, ಆಮೇಲೆ ಜಾರುತ್ತದೆ. ಅದು ಜಾರಿದ್ದು ನಿಮಗೆ ಗೊತ್ತೂ ಆಗಲ್ಲ, ಎಂಜಿನ್ ಕೋಣೆಗೆ ತಣ್ಣನೆ ಗಾಳಿ ಸೋರುತ್ತಿರುತ್ತದೆ ಅಷ್ಟೇ.

ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಪೈಪ್ ಹಾಕಿ. ಎರಡೂ ತುದಿಗೆ ಬಿಸಿ ತಡೆಯುವ ಸಿಲಿಕಾನ್ ಲೇಪದ ಗ್ಲಾಸ್ ಫೈಬರ್ ಹೋಸ್. ಬಟ್ಟೆ ಒಣಗಿಸುವ ಯಂತ್ರದ ತೆಳು ಫಾಯಿಲ್ ಹೋಸ್ ಹಾಕುವವರಿದ್ದಾರೆ, ನಡುಕಕ್ಕೆ ಅದು ಬೇಗ ಹರಿಯುತ್ತದೆ. ಪೈಪಿನ ತುದಿಯಲ್ಲಿ ಚೂಪು ಉಳಿಯದಂತೆ ಅರ ಹಾಕಿ ಉಜ್ಜಿ. ಹೋಸ್ ಫ್ಯಾನ್ ಬೆಲ್ಟ್ ಹತ್ತಿರ, ಥ್ರಾಟಲ್ ಕಡ್ಡಿಯ ಹತ್ತಿರ ಎಲ್ಲೂ ತಾಗಬಾರದು. ಒಬ್ಬರು ಪೆಡಲ್ ಒತ್ತುತ್ತಿರಲಿ, ನೀವು ಹಿಂದೆ ನಿಂತು ಕಡ್ಡಿ ಪೂರ್ತಿ ಹೋಗಿ ವಾಪಸ್ ಬರುತ್ತದಾ ಕಣ್ಣಾರೆ ನೋಡಿ. ಎಂಜಿನ್ ಆಫ್ ಇರುವಾಗಲೇ.

ತುಕ್ಕು ವೈದ್ಯ:

ಎಲ್ಲರೂ ಪೈಪು, ವೈರು ಅಂತ ಮಾತಾಡುತ್ತಿದ್ದೀರಿ. ಎಕ್ಸ್‌ಚೇಂಜರ್ ಯಾರಾದರೂ ಮಲಗಿ ನೋಡಿದ್ರಾ?

ಈ ಗಾಡಿಯಲ್ಲಿ ನೀವು ಉಸಿರಾಡುವ ಬಿಸಿಗಾಳಿಗೂ ಎಂಜಿನ್ ಹೊಗೆಗೂ ನಡುವೆ ಇರೋದು ಒಂದು ಲೋಹದ ಗೋಡೆ ಮಾತ್ರ. 40 ವರ್ಷ ಬಿಸಿ, ತಣ್ಣಗೆ, ನೀರು, ಮಣ್ಣು ಕಂಡ ಗೋಡೆ ಅದು. ಒಳಗಿನ ಪೈಪಿನಲ್ಲಿ ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ನೇರ ಕ್ಯಾಬಿನ್‌ಗೆ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಮಂಪರು. ಓಡಿಸುವವನಿಗೆ ಅದು ಸುಸ್ತು ಅಂತಲೇ ಅನ್ನಿಸುತ್ತದೆ.

ಬ್ಲೋವರ್ ಸತ್ತಿದ್ದ ಗಾಡಿಗೆ ಪೈಪ್ ಹಾಕಿ ಗಾಳಿ ಹೆಚ್ಚಿಸಿದರೆ ಇಷ್ಟು ದಿನ ಬರದಿದ್ದ ಹೊಗೆಯೂ ಜೊತೆಗೆ ಬರಬಹುದು. ಆದ್ದರಿಂದ ಮೊದಲು ಗಾಡಿ ಎತ್ತಿ, ಜ್ಯಾಕ್ ಮೇಲೆ ಮಾತ್ರ ನಂಬಿಕೆ ಇಡದೆ ಸ್ಟ್ಯಾಂಡ್ ಕೊಟ್ಟು, ಕೆಳಗೆ ನೋಡಿ. ಹೊರಗಿನ ಕವಚದಲ್ಲಿ ತೂತು ಇದ್ದರೆ ಬಿಸಿ ಸೋರುತ್ತದೆ, ಅಷ್ಟು ಗಾಬರಿ ಬೇಡ. ಸಿಲಿಂಡರ್ ಹೆಡ್‌ಗೆ ಕೂರುವ ಜಾಗದಲ್ಲಿ, ಗ್ಯಾಸ್ಕೆಟ್ ಹತ್ತಿರ ಕಪ್ಪು ಮಸಿಯ ಗೆರೆ ಕಂಡರೆ ಹೊಗೆ ಸೋರುತ್ತಿದೆ ಅಂತ ಅರ್ಥ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೆ ನಿಲ್ಲುತ್ತದಾ ಅಂತಲೂ ಕೇಳಿಸಿಕೊಳ್ಳಿ. ಅಲ್ಲಿನ ಸ್ಟಡ್ ತುಂಡಾಗಿರುವುದೂ ಉಂಟು. ಬ್ಯಾಟರಿಯಲ್ಲಿ ಓಡುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಕ್ಯಾಬಿನ್‌ನಲ್ಲಿ ಇರಲಿ, ಅಂಕಿ ತೋರಿಸುವಂಥದ್ದು. ಹೊಗೆ ಅಲಾರಂ ಬೇರೆ, ಇದು ಬೇರೆ.

ಎಣ್ಣೆ ಸುಟ್ಟ ವಾಸನೆ ಬಂದರೆ ಅದು ಬೇರೆ ಕಥೆ. ಸಾಮಾನ್ಯವಾಗಿ ವಾಲ್ವ್ ಕವರ್‌ನಿಂದ ಎಕ್ಸ್‌ಚೇಂಜರ್ ಮೇಲೆ ಎಣ್ಣೆ ತೊಟ್ಟಿಕ್ಕುತ್ತಿರುತ್ತದೆ.

ಸಂಜೆ ಸ್ಪ್ಯಾನರ್:

ಇದು ಸರಿಯಾದ ಮಾತು, ಒಪ್ಪಿದೆ. ಆದರೂ ಬ್ಲೋವರ್ ರಿಪೇರಿ ಅಂತ ಯಾರೂ ಶುರು ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಹಳೇ ಪ್ಲಾಸ್ಟಿಕ್ ಮುಟ್ಟಿದರೆ ಮುರಿಯುತ್ತದೆ.

ತುಕ್ಕು ವೈದ್ಯ:

ಶುರು ಮಾಡ್ತೀನಿ ನೋಡಿ. ಬೈಪಾಸ್‌ನಲ್ಲಿ ಬಿಸಿ ಎಂಜಿನ್ ಸ್ಪೀಡ್ ಜೊತೆ ಏರಿಳಿಯುತ್ತದೆ. ಹೈವೇಯಲ್ಲಿ ಕಾಲು ಸುಡುತ್ತದೆ, ಟ್ರಾಫಿಕ್‌ನಲ್ಲಿ ಗಾಜು ಮಬ್ಬು. ಆ ಎರಡನೆಯದಕ್ಕೇ ಬ್ಲೋವರ್ ಕೊಟ್ಟಿದ್ದು. ಇವರ ದೂರೇ ಮಳೆಯಲ್ಲಿ ಗಾಜು ಮಬ್ಬಾಗುತ್ತೆ ಅಂತ. ಪೈಪ್ ಹಾಕಿದರೆ ಅದು ಹೋಗುತ್ತಾ? ಹೋಗಲ್ಲ. ಬಿಸಿಲಲ್ಲಿ ಮಾತ್ರ ಗಾಡಿ ತೆಗೆಯುವವರಿಗೆ ಪೈಪ್ ಸಾಕು, ಇವರಿಗೆ ಸಾಲದು.

ರಿಪೇರಿಗೆ ಬರೋಣ. ಕವಚ ಬಿಚ್ಚುವ ಮೊದಲು ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿ, ಆಗ ಪ್ಲಾಸ್ಟಿಕ್ ಸ್ವಲ್ಪ ಬಗ್ಗುತ್ತದೆ. ಚಕ್ರ ಶಾಫ್ಟ್‌ನ ಮೇಲೆ ಎಷ್ಟು ಒಳಗೆ ಕೂತಿದೆ ಅಂತ ಗುರುತು ಹಾಕಿಕೊಂಡು ಆಮೇಲೆ ಎಳೆಯಿರಿ. ಚಕ್ರದ ರೆಕ್ಕೆಗೆ ಸಿಕ್ಕಿಸಿದ ಪುಟ್ಟ ಕ್ಲಿಪ್ ಕಂಡರೆ ಕಸ ಅಂತ ಕೀಳಬೇಡಿ, ಅದು ಬ್ಯಾಲೆನ್ಸ್‌ಗೆ ಹಾಕಿದ ತೂಕ. ಮೋಟಾರ್ ಒಳಗೆ ಎರಡೂ ತುದಿಗೆ ಕಂಚಿನ ಬುಷ್, ಅಂದರೆ ಶಾಫ್ಟ್ ಒಳಗೆ ಕೂತು ತಿರುಗುವ ಕೊಳವೆ. ಸಣ್ಣ ಸಣ್ಣ ರಂಧ್ರಗಳಲ್ಲಿ ಎಣ್ಣೆ ಹೀರಿಕೊಂಡಿರುವ ಬುಷ್ ಅದು. ಆ ಎಣ್ಣೆ ಒಣಗಿ ಧೂಳು ಸೇರಿ ಜಾಮ್ ಆಗುತ್ತದೆ, ನಿಮಗೆ ಕೇಳಿಸಿದ ಕಿರ್‌ರ್ ಅದೇ. ಚೆನ್ನಾಗಿ ತೊಳೆದು, ತೆಳು ಮೆಷಿನ್ ಎಣ್ಣೆಯಲ್ಲಿ ನೆನೆಹಾಕಿ. ಗ್ರೀಸ್ ಬೇಡ, ರಂಧ್ರ ಕಟ್ಟಿಕೊಳ್ಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸರಿಹೋಯಿತು ಅನ್ನಬೇಡಿ, ಇದ್ದ ಎಣ್ಣೆಯನ್ನೂ ಅದು ತೊಳೆದುಬಿಡುತ್ತದೆ.

ಕಾರ್ಬನ್ ಬ್ರಷ್ ಸವೆದಿದ್ದರೆ ಅದೇ ಅಗಲದ್ದು ಹುಡುಕಿ, ಸ್ವಲ್ಪ ದೊಡ್ಡದಿದ್ದರೆ ಉಜ್ಜಿ ಕೂರಿಸಿ, ಗೂಡಿನಲ್ಲಿ ತಾನಾಗಿ ಜಾರಬೇಕು. ಬ್ರಷ್ ತಾಗುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್, ನುಣುಪು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ, ತಾಮ್ರದ ಪಟ್ಟಿಗಳ ನಡುವಿನ ಗೆರೆ ಸೂಜಿಯಲ್ಲಿ ಶುಚಿ ಮಾಡಿ. ಗಾಡಿಗೆ ಹಾಕುವ ಮೊದಲು ಮೇಜಿನ ಮೇಲೆ, ಫ್ಯೂಸ್ ಇರುವ ವೈರಿನಿಂದ 12 ವೋಲ್ಟ್ ಕೊಟ್ಟು ಸ್ವಲ್ಪ ಹೊತ್ತು ಓಡಿಸಿ. ಆಮೇಲೆ ಬುಷ್ ಇರುವ ತುದಿ ಮುಟ್ಟಿ ನೋಡಿ, ಸುಡುವಷ್ಟು ಬಿಸಿ ಇದ್ದರೆ ಇನ್ನೂ ಬಿಗಿ ಇದೆ.

ಎಂಜಿಬಿ ಪ್ರೇಮಿ:

ದೋಣಿಗಳಲ್ಲಿ ಎಂಜಿನ್ ಕೋಣೆಯ ಪೆಟ್ರೋಲ್ ಆವಿ ಹೊರಹಾಕೋಕೆ 12 ವೋಲ್ಟ್‌ನ ಬಿಲ್ಜ್ ಬ್ಲೋವರ್ ಇರುತ್ತಲ್ಲ, ಅದನ್ನು ಪೈಪಿನ ಮಧ್ಯೆ ಹಾಕಿದರೆ? ಕಿಡಿ ಹೊರಬರದಂತೆ ಮಾಡಿರುತ್ತಾರೆ ಬೇರೆ.

ಬಿಸಿಗಾಳಿ:

ಹಾಕಿದವರಿದ್ದಾರೆ, ನಿಂತಾಗ ಗಾಳಿಯೂ ಬರುತ್ತದೆ. ನನಗೆ ಇಷ್ಟವಿಲ್ಲ, ಎರಡು ಕಾರಣಕ್ಕೆ. ಅದು ತಣ್ಣನೆ ಜಾಗದ ಪ್ಲಾಸ್ಟಿಕ್, ಆಗಲೇ ಹೇಳಿದ ಹಾಗೆ ಎಂಜಿನ್ ನಿಂತ ಮೇಲೆ ಬಿಸಿ ಹತ್ತುವ ಜಾಗ ಇದು. ಇನ್ನೊಂದು, ಎಂಜಿನ್ ಜೋರಾಗಿ ತಿರುಗುವಾಗ ದೊಡ್ಡ ಫ್ಯಾನಿನ ಗಾಳಿಗೆ ಈ ಚಿಕ್ಕ ಬ್ಲೋವರೇ ಅಡ್ಡ. ಸೈಕಲ್ ಸವಾರನನ್ನು ಲಾರಿ ಹಿಂದಿನಿಂದ ತಳ್ಳಿದಂತೆ. ಹಾಕಲೇಬೇಕು ಅಂದರೆ ಮುಖ್ಯ ಪೈಪ್ ತೆರೆದೇ ಇದ್ದು ಪಕ್ಕದ ಕವಲಿನಲ್ಲಿ ಬ್ಲೋವರ್ ಇರಬೇಕು, ಗಾಳಿ ಹಿಂದಕ್ಕೆ ತಿರುಗದಂತೆ ಒಂದು ಫ್ಲಾಪ್ ಬೇಕು. ಅಷ್ಟೆಲ್ಲ ಮಾಡುವ ಹೊತ್ತಿಗೆ ಮೂಲ ಬ್ಲೋವರ್ ರಿಪೇರಿ ಆಗಿರುತ್ತೆ.

ಹಿಂಬದಿ ಎಂಜಿನ್:

ಕೆಳಗೆ ಮಲಗಿ ನೋಡಿದೆ. ಎಕ್ಸ್‌ಚೇಂಜರ್ ಒಳಗಿನ ಪೈಪುಗಳು ಗಟ್ಟಿ ಇವೆ, ಮಸಿಯ ಗೆರೆ ಎಲ್ಲೂ ಇಲ್ಲ. ಬಲಗಡೆ ಫ್ಲಾಪ್ ಪೆಟ್ಟಿಗೆ ಅರ್ಧಕ್ಕೇ ಸಿಕ್ಕಿಕೊಂಡಿತ್ತು, ಕೀಲಿಗೆ ಎಣ್ಣೆ ಬಿಟ್ಟು ಆಡಿಸಿದ ಮೇಲೆ ಪೂರ್ತಿ ತೆರೆಯುತ್ತದೆ. ಗಾಳಿ ಕಡಿಮೆ ಬರುತ್ತಿದ್ದದ್ದಕ್ಕೆ ಅದೂ ಒಂದು ಕಾರಣ ಇರಬೇಕು.

ಬ್ಲೋವರ್ ಬಿಚ್ಚಿದೆ. ಒಳಗೆ ಚಕ್ರದ ರೆಕ್ಕೆಗಳ ಮಧ್ಯೆ ಒಣ ಎಲೆಯ ಚೂರು, ಯಾವುದೋ ಇಲಿ ತಂದಿಟ್ಟ ಹತ್ತಿ. ಹಿಂದಿನ ಬುಷ್ ಕಚ್ಚಿಕೊಂಡು ಅಲ್ಲಿ ಶಾಫ್ಟ್ ನೀಲಿ ತಿರುಗಿತ್ತು. ಒಂದು ಬ್ರಷ್ ಸವೆದು ಅದರ ತಂತಿಯೇ ಕಮ್ಯುಟೇಟರ್ ಮೇಲೆ ಗೀರು ಹಾಕಿದೆ, ಉಗುರಿಗೆ ಸಿಗುವಷ್ಟು ಆಳ. ಇದು ಉಳಿಯುತ್ತಾ?

ತುಕ್ಕು ವೈದ್ಯ:

ಉಗುರಿಗೆ ಸಿಗುತ್ತೆ ಅಂದರೆ ಸ್ಯಾಂಡ್ ಪೇಪರ್ ಸಾಲದು, ಲೇತ್‌ನಲ್ಲಿ ಒಂದು ತೆಳು ಪದರ ತೆಗೆಸಬೇಕು. ತಾಮ್ರ ದಪ್ಪ ಉಳಿದಿದ್ದರೆ ಆಗುತ್ತದೆ. ಶಾಫ್ಟ್ ನೀಲಿ ತಿರುಗಿದ್ದು ನನಗೆ ಜಾಸ್ತಿ ಚಿಂತೆ. ಅಲ್ಲಿ ಸವೆದಿದ್ದರೆ ಹೊಸ ಬುಷ್ ಕೂಡ ಸಡಿಲವಾಗುತ್ತದೆ. ಕ್ಯಾಲಿಪರ್ ಹಿಡಿದು ಸವೆದ ಜಾಗ, ಸವೆಯದ ಜಾಗ ಎರಡೂ ಅಳೆಯಿರಿ. ವ್ಯತ್ಯಾಸ ಕಂಡರೆ ಮೋಟಾರ್ ಮಾತ್ರ ಬೇರೆ ಹುಡುಕಿ, ಕವಚ ಮತ್ತು ಚಕ್ರ ನಿಮ್ಮದೇ ಇರಲಿ. ಶಾಫ್ಟ್ ದಪ್ಪ, ಉದ್ದ, ತಿರುಗುವ ದಿಕ್ಕು, ಈ ಮೂರು ಹೊಂದಬೇಕು.

ಹಿಂಬದಿ ಎಂಜಿನ್:

ಅಳೆದೆ, ವ್ಯತ್ಯಾಸ ಇದೆ. ಮೋಟಾರ್ ಸಿಗುವವರೆಗೆ ಗಾಡಿ ನಿಲ್ಲಿಸೋಕೆ ಮನಸ್ಸಿಲ್ಲ, ಸದ್ಯಕ್ಕೆ ಅಲ್ಯೂಮಿನಿಯಂ ಪೈಪ್ ಹಾಕಿದ್ದೇನೆ. ಫ್ಲಾಪ್ ಸರಿಹೋದ ಮೇಲೆ ಓಡುವಾಗ ಬಿಸಿ ಚೆನ್ನಾಗಿ ಬರುತ್ತಿದೆ. ನಿಂತಾಗ ಮಬ್ಬು ಹಾಗೇ ಇದೆ, ವೈದ್ಯರು ಹೇಳಿದ ಹಾಗೇ. ಅಲಾರಂ ಇಟ್ಟಿದ್ದೇನೆ, ಸೊನ್ನೆಯಲ್ಲೇ ಇದೆ. ಎಣ್ಣೆಯ ಬಿಸಿ ಮೊದಲಿನಷ್ಟೇ. ಮೋಟಾರ್‌ಗೆ ಬರುತ್ತಿದ್ದ ವೈರು ಟೇಪ್ ಸುತ್ತಿ ಬಿಟ್ಟರೆ ಸಾಕಾ?

ಕಂದು ವೈರು:

ಬರೀ ಟೇಪ್ ಸಾಲದು, ಎಂಜಿನ್ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಬ್ಲೋವರ್‌ನ ಫ್ಯೂಸ್ ತೆಗೆದುಬಿಡಿ. ಪಕ್ಕದಲ್ಲೇ ಹಿಂದಿನ ಗಾಜಿನ ಹೀಟರ್ ಫ್ಯೂಸ್ ಇರುತ್ತದೆ, ಅದನ್ನು ತೆಗೆಯಬೇಡಿ. ಕನೆಕ್ಟರ್ ಕತ್ತರಿಸದೆ ಹಾಗೇ ಇಟ್ಟು, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿ, ಎಕ್ಸಾಸ್ಟ್‌ನಿಂದ ದೂರ ಕಟ್ಟಿ. ಕಂದು ವೈರು ಬ್ಲೋವರ್‌ನ ಬೋಲ್ಟ್‌ಗೇ ಕಚ್ಚಿಸಿದ್ದರೆ ಆ ಬೋಲ್ಟ್ ವಾಪಸ್ ಹಾಕಿ. ಅದೇ ಜಾಗಕ್ಕೆ ಬೇರೆ ಯಾವುದರ ಅರ್ಥ್ ಕೂಡ ಬಂದಿರಬಹುದು.

ಬಿಸಿಗಾಳಿ:

ಕ್ಲಾಂಪ್‌ಗಳನ್ನು ಒಂದೆರಡು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೊಮ್ಮೆ ಬಿಗಿ ಮಾಡಿ, ಹೊಸ ಹೋಸ್ ಸ್ವಲ್ಪ ಕೂತುಕೊಳ್ಳುತ್ತದೆ. ಸ್ಕ್ರೂ ತಲೆ ಮೇಲ್ಮುಖವಾಗಿ ಇರಲಿ, ಮೋಟಾರ್ ಬಂದ ದಿನ ಬಿಚ್ಚೋಕೆ ಸುಲಭ.